ಎಂಟು ಮಂದಿ ಅಡಿಗೆಯವರು, ಒಂದೇ ಸೌಟು

ನಮ್ಮ ಸಂಘದ ಕಚೇರಿಯ ಮೂಲೆಯಲ್ಲಿರುವ ಕಬ್ಬಿಣದ ಕಪಾಟನ್ನು ಮುಂಬಯಿಯ ಸದಸ್ಯರೆಲ್ಲ ಬಲ್ಲರು. ಅದರ ಮೇಲಿನ ಅರೆಯಲ್ಲಿ ನಾಟಕದ ಗಡ್ಡ, ಮೀಸೆ, ಕಿರೀಟಗಳು. ನಡುವಿನದರಲ್ಲಿ ಲೆಕ್ಕದ ಪುಸ್ತಕಗಳು. ಕೆಳಗಿನ ಎರಡು ಅರೆಗಳಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಗಳು. ಎಷ್ಟೋ ಮಳೆಗಾಲಗಳನ್ನು ಕಂಡ ಆ ಹಾಳೆಗಳು ಈಗ ಹಪ್ಪಳದಂತಾಗಿವೆ. ಮಗುಚಹೋದರೆ ಮುರಿದು ಕೈಗೆ ಬರುತ್ತವೆ. ಆದುದರಿಂದಲೇ ನಮ್ಮ ತರುಣ ಬಳಗದವರು ಎರಡು ವರ್ಷಗಳ ಕಾಲ ಬಿಡುವಿನ ಸಂಜೆಗಳನ್ನೆಲ್ಲ ವೆಚ್ಚಮಾಡಿ ಅವುಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿದರು. ನಡುನಡುವೆ ಕೆಲವು ಸಂಚಿಕೆಗಳು ಯಾರ ಮನೆಗೋ ಹೋಗಿ ತಿರುಗಿ ಬಾರದೆ, ಉಳಿದ ಪುಟಗಳ ಸಂಖ್ಯೆ 8,400 ಆಯಿತು.

ಇಷ್ಟರಿಂದ ಕೆಲಸ ಮುಗಿಯಲಿಲ್ಲ. ಸ್ಕ್ಯಾನ್ ಮಾಡಿದ ಪುಟ ನಮ್ಮ ಕಣ್ಣಿಗೆ ಅಕ್ಷರ. ಗಣಕಯಂತ್ರಕ್ಕೆ ಮಾತ್ರ ಬರಿಯ ಮಸಿಯ ಚಿತ್ರ. ಒಂದು ಮಾತನ್ನು ಹುಡುಕಬೇಕಾದರೆ, ಆ ಮಸಿಯಲ್ಲಿ ‘ಕ’ ಯಾವುದು, ಒತ್ತಕ್ಷರ ಯಾವುದು ಎಂದು ಬಿಡಿಸಿ ಓದುವ ಸಾಫ್ಟ್‌ವೇರಿನ ಕೈಗೆ ಪ್ರತಿಯೊಂದು ಪುಟವನ್ನೂ ಕೊಡಬೇಕು. ಸಂಘದ ಹಳೆಯ ಕಂಪ್ಯೂಟರು ಒಂದು ಪುಟವನ್ನು ಓದಲು 36 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಲೆಕ್ಕ ಹಾಕಿರಿ: 8,400 ಪುಟಗಳಿಗೆ 84 ಗಂಟೆ. ಕಟ್ಟಡದ ನಿಯಮದಂತೆ ನಮ್ಮ ಕಚೇರಿ ತೆರೆದಿರುವುದು ಸಂಜೆ ಆರರಿಂದ ಒಂಬತ್ತರವರೆಗೆ. ಆಮೇಲೆ ಕಾವಲುಗಾರ ಬಂದು ವಿದ್ಯುತ್ತಿನ ಗುಂಡಿಯನ್ನೇ ಆರಿಸುತ್ತಾನೆ. ಎಂದರೆ 28 ಸಂಜೆ. ಅದೂ ಒಂದು ಸಲ ಓದಿಸಲು. ಹಳೆಯ ಕಾಲದ ಅಚ್ಚಿನ ಮೊಳೆಗಳು ಒಂದೊಂದು ಮುದ್ರಣಾಲಯದಲ್ಲಿ ಒಂದೊಂದು ರೂಪದವು. ‘ಪ’ಕ್ಕೂ ‘ವ’ಕ್ಕೂ ವ್ಯತ್ಯಾಸ ತಿಳಿಯದೆ ಯಂತ್ರ ತಪ್ಪಿದಾಗಲೆಲ್ಲ ಅದಕ್ಕೆ ಬುದ್ಧಿ ಹೇಳಿ ಮತ್ತೆ ಮೊದಲಿನಿಂದ ಓದಿಸಬೇಕು.

ಇಷ್ಟು ಅವಸರವೇಕೆ ಎಂದು ಕೇಳುವಿರಿ. ಅವಸರವಿತ್ತು. ನಾವೆಲ್ಲರೂ ‘ಅಕ್ಕ’ ಎಂದು ಕರೆಯುವ ಒಬ್ಬ ಹಿರಿಯ ಸದಸ್ಯೆ ಮಾಟುಂಗದ ಮನೆಯನ್ನು ಬಿಟ್ಟು ಯುಗಾದಿಯ ನಂತರ ಮೈಸೂರಿಗೆ, ಮಗನ ಬಳಿಗೆ ಹೊರಟಿದ್ದರು. ಹೊಸದಾಗಿ ಮದುವೆಯಾಗಿ ಕರಾವಳಿಯಿಂದ ಗಿರಗಾಂವದ ಚಾಳಿಗೆ ಬಂದಾಗ, ಆ ಚಾಳಿನ ನಲ್ಲಿಯ ಮುಂದಿನ ಜಗಳಗಳ ಕುರಿತು ಅವರು ನಮ್ಮ ಪತ್ರಿಕೆಗೆ ಒಂದು ಲೇಖನ ಬರೆದಿದ್ದರಂತೆ. ಹೆಸರು ಹಾಕಲು ನಾಚಿಕೆಯಾಗಿ ‘ಓರ್ವ ಗೃಹಿಣಿ’ ಎಂದಷ್ಟೇ ಬರೆದಿದ್ದರು. ಯಾವ ವರ್ಷವೆಂಬುದು ನೆನಪಿಲ್ಲ. ಅವರು ಬರೆದು ಅಚ್ಚಾದದ್ದು ಅದೊಂದೇ. “ನಾನು ಹೋಗುವುದರೊಳಗೆ ಅದೊಂದು ಸಿಕ್ಕಿದರೆ ಆಗಿತ್ತು, ಮಗಾ. ಅದರಲ್ಲಿ ಕೊಡಪಾನ ಅಂತ ಬರುತ್ತದೆ, ನೋಡಿ” ಎಂದು ಅವರು ಹೇಳಿದಾಗ ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ.

ಸರಿ, ಕಾರ್ಯಕಾರಿ ಸಮಿತಿ ಕೂಡಿತು. ದಾನಿಗಳ ಮುಂದೆ ಕೈ ಒಡ್ಡಿದ್ದಾಯಿತು. ದೀಪಾವಳಿ ಕಳೆದು ಎರಡು ವಾರಕ್ಕೆ ಎಂಟು ಕೋರುಗಳ ಹೊಸ ಯಂತ್ರ ಮೇಜಿನ ಮೇಲೆ ಕುಳಿತಿತು. ಅರಸಿನ ಕುಂಕುಮ ಹಚ್ಚಿದೆವು. ಹಳೆಯದಕ್ಕಿಂತ ಎಂಟು ಪಟ್ಟು ವೇಗವೆಂದು ನಾವು ಮನಸ್ಸಿನಲ್ಲಿಯೇ ಮಂಡಿಗೆ ತಿನ್ನುತ್ತಿದ್ದೆವು. ಕೆಲಸಕ್ಕೆ ಹಚ್ಚಿ ಗಡಿಯಾರ ಹಿಡಿದು ನೋಡಿದರೆ ಒಂದು ಪುಟಕ್ಕೆ 30 ಸೆಕೆಂಡು! 84 ಗಂಟೆ ಹೋಗಿ 70 ಗಂಟೆ ಆಯಿತು, ಅಷ್ಟೆ.

ನಮ್ಮ ಖಜಾಂಚಿಗಳು ಧಾರವಾಡದ ಕಡೆಯವರು. ಮಾತನ್ನು ನುಂಗಿಕೊಳ್ಳುವ ಪೈಕಿಯಲ್ಲ. “ಎಲ್ಲಿ ಹೋತ್ರೀ ರೊಕ್ಕಾ? ದಾನಾ ಕೊಟ್ಟವರು ಕೇಳಿದ್ರ ನಾ ಏನ್ ಹೇಳ್ಲಿ?” ಎಂದು ಅವರು ಕೇಳಿದ ಪ್ರಶ್ನೆಗೆ ಸಮಿತಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ತಿಳಿದ ಸಂಗತಿಗಳನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ. ಮಕ್ಕಳ ಓದಿಗೆಂದು ಹೊಸ ಕಂಪ್ಯೂಟರು ಕೊಳ್ಳುವ ವಿಚಾರದಲ್ಲಿರುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲವಷ್ಟೆ?

ನಮ್ಮ ರವಿವಾರದ ಕನ್ನಡ ವರ್ಗದಲ್ಲಿಯೇ ಅ ಆ ಇ ಈ ಕಲಿತು, ಈಗ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಒಬ್ಬ ಹುಡುಗನಿಗೆ ಹೇಳಿಕಳುಹಿಸಿದೆವು. ಅವನು ಬಂದವನೇ ಟಾಸ್ಕ್ ಮ್ಯಾನೇಜರನ್ನು ತೆರೆದು, ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗಕ್ಕೆ ಹೋಗಿ, ಗೆರೆಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಏನೋ ಆರಿಸಿದ. ಪರದೆಯ ಮೇಲೆ ಎಂಟು ಚೌಕಗಳು ಮೂಡಿದುವು. ಒಂದು ಚೌಕದಲ್ಲಿ ಗೆರೆ ನೆತ್ತಿಗೆ ಏರಿ ನಿಂತಿತ್ತು. ಉಳಿದ ಏಳರಲ್ಲಿ ಅದು ನೆಲ ಬಿಟ್ಟು ಏಳುತ್ತಿರಲಿಲ್ಲ. ಒಟ್ಟು ಬಳಕೆ ನೂರಕ್ಕೆ ಹದಿಮೂರು ಎಂದು ಬದಿಯಲ್ಲಿ ಬರೆದಿತ್ತು.

“ಅಂದ್ರ ಎಂಟು ಮಂದಿಗೆ ಪಗಾರ ಕೊಟ್ಟು ಒಬ್ಬನ ಕೈಲೆ ಕೆಲಸಾ ಮಾಡಿಸಿಧಾಂಗ ಆತಲ್ಲೋ ತಮ್ಮಾ!” ಎಂದರು ಖಜಾಂಚಿಗಳು.

“ಹೌದು ಕಾಕಾ,” ಎಂದ ಹುಡುಗ. “ಆದರೆ ತಪ್ಪು ಯಂತ್ರದ್ದಲ್ಲ. ಇದನ್ನು ಬರೆದವರು ಒಬ್ಬನೇ ಕೆಲಸಗಾರನಿದ್ದಾನೆಂದು ಎಣಿಸಿ ಬರೆದಿದ್ದಾರೆ.”

ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಪ್ರೊಸೆಸರು ಸೆಕೆಂಡಿಗೆ 47 ಲಕ್ಷ 70 ಸಾವಿರ ಸಲ ಮಿಡಿಯುತ್ತಿತ್ತು, ಇದನ್ನು 4.77 ಮೆಗಾಹರ್ಟ್ಸ್ ಎನ್ನುತ್ತಾರೆ. 2004ರ ಹೊತ್ತಿಗೆ ಇಂಟೆಲ್ಲಿನ ಪೆಂಟಿಯಮ್ 4 ಸೆಕೆಂಡಿಗೆ 380 ಕೋಟಿ ಸಲ, ಎಂದರೆ 3.8 ಗಿಗಾಹರ್ಟ್ಸ್, ಮಿಡಿಯುವಂತಾಯಿತು. 23 ವರ್ಷಗಳಲ್ಲಿ ಹತ್ತಿರ ಹತ್ತಿರ ಎಂಟುನೂರು ಪಟ್ಟು. ಅಲ್ಲಿಂದೀಚೆಗೆ ಇಪ್ಪತ್ತು ವರ್ಷಗಳಲ್ಲಿ ಏನಾಯಿತು? 2024ರಲ್ಲಿ ಅಂಗಡಿಗೆ ಬಂದ ಅತಿ ವೇಗದ ಚಿಪ್ಪು ಮುಟ್ಟಿದ್ದು 6.2 ಗಿಗಾಹರ್ಟ್ಸ್. ಎರಡು ಪಟ್ಟೂ ಆಗಲಿಲ್ಲ. ಓಡುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ನಿಂತಂತಾಯಿತು.

ನಿಲ್ಲಿಸಿದ್ದು ಬಿಸಿ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳನ್ನು ಕಿರಿದು ಮಾಡುತ್ತ ಹೋದಂತೆ ಅವುಗಳಿಗೆ ಕೊಡುವ ವಿದ್ಯುತ್ತಿನ ಒತ್ತಡವನ್ನೂ ಇಳಿಸುತ್ತ ಹೋಗಬಹುದು, ಆಗ ವೇಗ ಏರಿದರೂ ಬಿಸಿ ಏರದು ಎಂದು ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಿದ್ದರು. ಮೂವತ್ತು ವರ್ಷ ಆ ಮಾತು ನಡೆಯಿತು. ಆಮೇಲೆ ಟ್ರಾನ್ಸಿಸ್ಟರು ಎಷ್ಟು ಕಿರಿದಾಯಿತೆಂದರೆ, ಮುಚ್ಚಿದ ನಲ್ಲಿಯಿಂದಲೂ ನೀರು ತೊಟ್ಟಿಕ್ಕುವಂತೆ, ಆರಿಸಿದ್ದರೂ ಅದರಿಂದ ವಿದ್ಯುತ್ತು ಸೋರತೊಡಗಿತು. ಒತ್ತಡವನ್ನು ಇನ್ನೂ ಇಳಿಸಲು ಬಾರದು. ಇಳಿಸದೆ ವೇಗ ಹೆಚ್ಚಿಸಿದರೆ ಚಿಪ್ಪು ದೋಸೆಯ ಕಾವಲಿಯಾಗುತ್ತದೆ. 2004ರ ಮೇ ತಿಂಗಳಲ್ಲಿ ಇಂಟೆಲ್ ಕಂಪನಿ ‘ತೇಜಸ್’ ಎಂಬ ಹೆಸರಿಟ್ಟುಕೊಂಡಿದ್ದ ತನ್ನ ಮುಂದಿನ ಚಿಪ್ಪಿನ ಯೋಜನೆಯನ್ನೇ ಕೈಬಿಟ್ಟಿತು. ತೇಜಸ್ಸು ಹೆಚ್ಚಾದರೆ ಸುಡುವುದೂ ಉಂಟಷ್ಟೆ.

ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಲೋಕಲ್ ಗಾಡಿಗಳ ವೇಗವನ್ನು ಹೆಚ್ಚಿಸಲು ಆಗದೆ ಹೋದಾಗ ರೈಲಿನವರು ಏನು ಮಾಡಿದರು? ಒಂಬತ್ತು ಡಬ್ಬಿ ಇದ್ದುದನ್ನು ಹನ್ನೆರಡು ಮಾಡಿದರು, ಕೆಲವನ್ನು ಹದಿನೈದು ಮಾಡಿದರು, ಹಳಿಗಳನ್ನು ಹೆಚ್ಚಿಸಿದರು. ಚಿಪ್ಪಿನವರೂ ಅದನ್ನೇ ಮಾಡಿದರು. ಒಂದೇ ಚಿಪ್ಪಿನಲ್ಲಿ ಎರಡು ಪ್ರೊಸೆಸರುಗಳನ್ನು ಕೂರಿಸುವ ಕೆಲಸವನ್ನು ಐ.ಬಿ.ಎಂ. 2001ರಲ್ಲಿಯೇ ತನ್ನ ದೊಡ್ಡ ಯಂತ್ರಗಳಿಗಾಗಿ ಮಾಡಿತ್ತು. 2005ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ. ಎರಡೂ ಮನೆಯ ಕಂಪ್ಯೂಟರಿಗೆ ಅಂಥ ಜೋಡಿ ಚಿಪ್ಪುಗಳನ್ನು ತಂದುವು. ಈ ಒಂದೊಂದು ಪ್ರೊಸೆಸರಿಗೂ ‘ಕೋರ್’ ಎಂದು ಹೆಸರು. ಈಗ ಎಂಟು, ಹದಿನಾರು ಸಾಮಾನ್ಯ. 64 ಕೋರುಗಳ ಮೇಜಿನ ಯಂತ್ರವೂ 2020ರಲ್ಲಿ ಬಂತು. ಅದೇ 2005ರಲ್ಲಿ ಹರ್ಬ್ ಸಟರ್ ಎಂಬ ತಜ್ಞರು, ಸಾಫ್ಟ್‌ವೇರ್ ಬರೆಯುವವರ ಪುಕ್ಕಟೆ ಊಟ ಮುಗಿಯಿತು ಎಂಬರ್ಥದ ತಲೆಬರೆಹದ ಒಂದು ಲೇಖನ ಬರೆದರು. ಅಲ್ಲಿಯವರೆಗೆ ನಡೆದದ್ದು ಪುಕ್ಕಟೆ ಊಟವೇ ಸರಿ: ಸಾಫ್ಟ್‌ವೇರಿನವರು ಕೈಕಟ್ಟಿ ಕುಳಿತರೂ ವರುಷ ತಿರುಗುವುದರೊಳಗೆ ಹೊಸ ಚಿಪ್ಪು ಬಂದು ಅವರ ಹಳೆಯ ಸರಕನ್ನು ತಾನಾಗಿ ವೇಗವಾಗಿ ಓಡಿಸುತ್ತಿತ್ತು. ಈಗ ಬರುವುದು ವೇಗವಲ್ಲ, ಆಳುಗಳು. ಆಳುಗಳಿಗೆ ಕೆಲಸ ಹಂಚುವ ಹೊಣೆ ಬರೆಯುವವರದು.

ಹಂಚುವುದೇನು ಮಹಾ ಎನ್ನಬೇಡಿರಿ. ನಮ್ಮಲ್ಲಿ ಹೊಟೇಲು ನಡೆಸಿದವರು ಬಹಳ ಮಂದಿ ಇದ್ದಾರೆ, ಅವರನ್ನೇ ಕೇಳಿರಿ. ತೆಂಗಿನಕಾಯಿ ಹೆರೆಯಲು ಎಂಟು ಜನರನ್ನು ಕೂರಿಸಿದರೆ ಎಂಟನೆಯ ಒಂದು ಪಾಲು ಸಮಯದಲ್ಲಿ ಮುಗಿದೀತು. ಇಡ್ಲಿಯ ಹಿಟ್ಟು ಹುಳಿ ಬರಬೇಕಾದರೆ ಒಂದು ರಾತ್ರಿ ಬೇಕು. ಎಂಟು ಜನ ಪಾತ್ರೆಯ ಸುತ್ತ ಕಾವಲು ಕುಳಿತರೂ ಅದು ಬೇಗ ಉಬ್ಬದು. ಬೇಳೆ ಬೇಯುವ ಮೊದಲು ಒಗ್ಗರಣೆ ಹಾಕಲಾಗದು. ಪ್ರತಿಯೊಂದು ಕೆಲಸದಲ್ಲಿಯೂ ಹೀಗೆ ಹಂಚಲು ಬರುವ ಭಾಗ, ಬಾರದ ಭಾಗ ಎಂದು ಎರಡುಂಟು. ಇದರ ಲೆಕ್ಕವನ್ನು ಜೀನ್ ಆಮ್ಡಾಲ್ ಎಂಬ ಅಮೆರಿಕದ ಎಂಜಿನಿಯರು 1967ರಲ್ಲಿಯೇ ಮುಂದಿಟ್ಟರು. ಹತ್ತು ಗಂಟೆಯ ಕೆಲಸದಲ್ಲಿ ಒಂಬತ್ತು ಗಂಟೆಯದು ಹಂಚಲು ಬರುವಂಥದು, ಒಂದು ಗಂಟೆಯದು ಬಾರದ್ದು ಎನ್ನೋಣ. ಎಂಟು ಜನರಿದ್ದರೆ ಒಂಬತ್ತು ಗಂಟೆಯ ಕೆಲಸ ಒಂದು ಗಂಟೆ ಎಂಟು ನಿಮಿಷದಷ್ಟರಲ್ಲಿ ಆಗುತ್ತದೆ. ಉಳಿದ ಒಂದು ಗಂಟೆ ಹಾಗೆಯೇ. ಒಟ್ಟು ಎರಡು ಗಂಟೆ ಎಂಟು ನಿಮಿಷ. ಎಂಟು ಪಟ್ಟಲ್ಲ, ಐದು ಪಟ್ಟೂ ಅಲ್ಲ. ಸಾವಿರ ಜನರನ್ನು ತಂದರೂ ಆ ಒಂದು ಗಂಟೆಗಿಂತ ಕೆಳಗೆ ಇಳಿಯದು. ಅರ್ಧ ಕೆಲಸ ಮಾತ್ರ ಹಂಚಲು ಬರುವಂತಿದ್ದರಂತೂ ಎಂಟು ಜನರಿಂದ ಆಗುವ ಲಾಭ ಎರಡು ಪಟ್ಟಿನೊಳಗೆ! ಆಮ್ಡಾಲರು ನಿರಾಶಾವಾದಿ ಎಂದು ಕೆಲವರು ಮುಖ ಸಿಂಡರಿಸಿದ್ದುಂಟು. ಜಾನ್ ಗುಸ್ಟಾಫ್‌ಸನ್ ಎಂಬವರು 1988ರಲ್ಲಿ ಇನ್ನೊಂದು ಬಗೆಯ ಲೆಕ್ಕ ತೋರಿಸಿದರು: ಅಡಿಗೆಯವರು ಹೆಚ್ಚಾದರೆ ಅದೇ ಊಟವನ್ನು ಬೇಗ ಮಾಡಬೇಕೆಂದೇಕೆ ಹಟ? ಅದೇ ಹೊತ್ತಿನಲ್ಲಿ ಹೆಚ್ಚು ಪಂಕ್ತಿಗೆ ಬಡಿಸಬಹುದಲ್ಲ! ಅವರ ಬಳಿ 1,024 ಪ್ರೊಸೆಸರುಗಳ ಯಂತ್ರವಿತ್ತು. ನಮ್ಮ ಬಳಿ ಇದ್ದುದು ಎಂಟು ಕೋರು, 8,400 ಪುಟ. ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಸಂಬಂಧವಿಲ್ಲ. ತೆಂಗಿನಕಾಯಿ ಹೆರೆಯುವಂಥ ಕೆಲಸವೇ ಇದು ಎಂದು ಹುಡುಗ ಹೇಳಿದಾಗ ನಮಗೆ ಜೀವ ಬಂತು.

ಹಾಗಾದರೆ ಸಾಫ್ಟ್‌ವೇರಿನವರು ಹಿಂಜರಿಯುವುದೇಕೆ? ಸೋಮಾರಿತನವೆಂದು ನಾವು ಭಾವಿಸಿದ್ದೆವು. ಹುಡುಗ ನಮ್ಮ ಚಂದಾ ಪುಸ್ತಕವನ್ನೇ ಎಳೆದುಕೊಂಡು ತೋರಿಸಿದ. ಪುಸ್ತಕದಲ್ಲಿ ಶಿಲ್ಕು 4,500 ರೂಪಾಯಿ ಎಂದಿದೆ. ಕಾರ್ಯದರ್ಶಿಗಳು ಅದನ್ನು ನೋಡಿಕೊಂಡು ತಮ್ಮ ಬಳಿಯ 500ನ್ನು ಮನಸ್ಸಿನಲ್ಲಿ ಕೂಡಿಸುತ್ತಿದ್ದಾರೆ. ಅದೇ ಕ್ಷಣಕ್ಕೆ ಖಜಾಂಚಿಗಳೂ ಅದೇ 4,500ನ್ನು ನೋಡಿ ತಮ್ಮ 300ನ್ನು ಕೂಡಿಸುತ್ತಾರೆ. ಮೊದಲಿನವರು 5,000 ಎಂದು ಬರೆದರು. ಎರಡನೆಯವರು ಅದನ್ನು ಹೊಡೆದು 4,800 ಎಂದು ಬರೆದರು. ಇರಬೇಕಾದದ್ದು 5,300. ಇಬ್ಬರ ಲೆಕ್ಕವೂ ಸರಿ, ಇಬ್ಬರೂ ಪ್ರಾಮಾಣಿಕರು, ಆದರೂ 500 ರೂಪಾಯಿ ಮಾಯ! ಖಜಾಂಚಿಗಳು ಈ ಉದಾಹರಣೆಯನ್ನು ಕೇಳಿ ಪುಸ್ತಕವನ್ನು ಹಿಂದಕ್ಕೆ ಎಳೆದುಕೊಂಡರೆನ್ನುವುದು ಬೇರೆ ಮಾತು.

ಇದಕ್ಕೆ ಮದ್ದು ಬೀಗ. ಪುಸ್ತಕವನ್ನು ಒಬ್ಬನು ತೆಗೆದಾಗ ಇನ್ನೊಬ್ಬನು ಕಾಯಬೇಕು. ಆದರೆ ಎಲ್ಲರೂ ಒಂದೇ ಬೀಗದ ಮುಂದೆ ಕಾಯುತ್ತ ನಿಂತರೆ ಎಂಟು ಜನರಿದ್ದೂ ಒಬ್ಬನಿದ್ದಂತೆ. ಇನ್ನೊಂದು ತೊಡಕೂ ಇದೆ. ಒಬ್ಬನು ಪುಸ್ತಕವನ್ನು ಹಿಡಿದು ಲೇಖನಿಗಾಗಿ ಕಾಯುತ್ತಾನೆ, ಇನ್ನೊಬ್ಬನು ಲೇಖನಿಯನ್ನು ಹಿಡಿದು ಪುಸ್ತಕಕ್ಕಾಗಿ ಕಾಯುತ್ತಾನೆ. ಯುಗಾಂತ್ಯದವರೆಗೂ ಇಬ್ಬರೂ ಅಲ್ಲಿಯೇ. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಈ ತೊಡಕುಗಳನ್ನು 1965ರಲ್ಲಿಯೇ ಬಿಡಿಸಿ ತೋರಿಸಿದ್ದರು. ಇವುಗಳ ಕೆಟ್ಟ ಗುಣವೆಂದರೆ ನೂರು ಸಲ ಸರಿಯಾಗಿ ನಡೆದು ನೂರೊಂದನೆಯ ಸಲ ಕೈಕೊಡುವುದು. ಪರೀಕ್ಷೆ ಮಾಡುವಾಗ ಕಾಣಿಸದು, ಬಳಸುವವನ ಮನೆಯಲ್ಲಿ ಕಾಣಿಸುತ್ತದೆ. 1985ರಿಂದ 1987ರವರೆಗೆ ಅಮೆರಿಕ, ಕೆನಡಾಗಳ ಆಸ್ಪತ್ರೆಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಹಾಯಿಸಿತು. ಕೆಲವರು ಪ್ರಾಣ ಕಳೆದುಕೊಂಡರು. ಅದಕ್ಕಿದ್ದುದು ಒಂದೇ ಪ್ರೊಸೆಸರು. ಆದರೆ ಹಲವು ಕೆಲಸಗಳು ಅದರಲ್ಲಿ ಸರದಿ ತಪ್ಪಿ ಒಂದರ ಮೇಲೊಂದು ಕೈಹಾಕಿದ್ದೂ ಅನಾಹುತದ ಕಾರಣಗಳಲ್ಲಿ ಒಂದು. ಈ ಕತೆಯನ್ನು ಕೇಳಿದ ಮೇಲೆ ಹಿಂಜರಿಯುವವರನ್ನು ಸೋಮಾರಿಗಳೆಂದು ಕರೆಯಲು ನಮ್ಮ ನಾಲಿಗೆ ಏಳಲಿಲ್ಲ.

ಮನೆಯ ಸಾಫ್ಟ್‌ವೇರುಗಳಲ್ಲಿ ಇನ್ನೊಂದು ಕಟ್ಟಳೆ. ಕಿಟಕಿಯನ್ನು ಪರದೆಯ ಮೇಲೆ ಬರೆಯುವ, ಮೌಸಿನ ಅಪ್ಪಣೆ ಕೇಳುವ ಕೆಲಸವನ್ನು ಬಹುತೇಕ ಒಂದೇ ಎಳೆಗೆ, ಎಂದರೆ ಒಬ್ಬನೇ ಆಳಿಗೆ, ಒಪ್ಪಿಸಿರುತ್ತಾರೆ. ಬಡಿಸುವ ಸೌಟು ಒಂದೇ. ಆ ಆಳಿನ ತಲೆಯ ಮೇಲೆಯೇ ದೊಡ್ಡ ಲೆಕ್ಕವನ್ನೂ ಹೊರಿಸಿದರೆ, ನೀವು ಎಷ್ಟು ಒತ್ತಿದರೂ ಅವನು ತಿರುಗಿ ನೋಡುವುದಿಲ್ಲ. ಕಿಟಕಿ ಬೆಳ್ಳಗಾಗಿ, ಇದು ಉತ್ತರಿಸುತ್ತಿಲ್ಲ ಎಂಬ ಬರೆಹ ಮೂಡುತ್ತದೆ. ಏಳು ಕೋರುಗಳು ಆಗಲೂ ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತಿರುತ್ತವೆ. ಒಳ್ಳೆಯ ಬರೆಹಗಾರರು ಭಾರದ ಕೆಲಸವನ್ನು ಹಿಂದಿನ ಕೋಣೆಯ ಆಳುಗಳಿಗೆ ಕೊಟ್ಟು, ಸೌಟು ಹಿಡಿದವನನ್ನು ಬಡಿಸಲು ಬಿಡುತ್ತಾರೆ.

ಬಲ್ಲವರು ಕೈಕಟ್ಟಿ ಕುಳಿತಿಲ್ಲ. ಎಕ್ಸೆಲ್ 2007ರ ಆವೃತ್ತಿಯಿಂದ ತನ್ನ ಲೆಕ್ಕಗಳನ್ನು ಕೋರುಗಳಿಗೆ ಹಂಚುತ್ತದೆ. 2008ರಲ್ಲಿ ಬಂದ ಕ್ರೋಮ್ ಬ್ರೌಸರು ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸಿತು. ಫೈರ್‌ಫಾಕ್ಸ್ ಅದೇ ದಾರಿಗೆ ಬಂದದ್ದು 2016ರಲ್ಲಿ. ಮರುವರ್ಷ ಅದು ಪುಟದ ಅಂದಚಂದದ ಲೆಕ್ಕವನ್ನೂ ಎಲ್ಲ ಕೋರುಗಳಿಗೆ ಹಂಚಿತು. ಆ ಭಾಗವನ್ನು ಬರೆದದ್ದು ರಸ್ಟ್ ಎಂಬ ಭಾಷೆಯಲ್ಲಿ. ಇಬ್ಬರು ಒಂದೇ ಚಂದಾ ಪುಸ್ತಕಕ್ಕೆ ಒಟ್ಟಿಗೆ ಕೈಹಾಕುವಂತೆ ಬರೆದರೆ ಓಡಿಸುವ ಮೊದಲೇ ಆಗದೆಂದು ತಡೆಯುವುದು ಅದರ ಹೆಚ್ಚುಗಾರಿಕೆ. ನಮ್ಮ ಕಾಲೇಜು ಹುಡುಗರೆಲ್ಲ ಕಲಿಯುವ ಪೈಥಾನ್ ಭಾಷೆಗೆ ಮಾತ್ರ ಬಹುಕಾಲ ಒಂದು ದೊಡ್ಡ ಬೀಗವಿತ್ತು: ಎಷ್ಟು ಎಳೆಗಳಿದ್ದರೂ ಒಂದು ಹೊತ್ತಿಗೆ ಒಂದೇ ನಡೆಯಬೇಕು. ಆ ಬೀಗವಿಲ್ಲದ ಆವೃತ್ತಿ ಪ್ರಯೋಗವೆಂದು ಬಂದದ್ದು 2024ರ ಅಕ್ಟೋಬರಿನಲ್ಲಿ. ಅಧಿಕೃತ ಬೆಂಬಲ ದೊರೆತದ್ದು 2025ರಲ್ಲಿ.

ಅಂದ ಹಾಗೆ ನಮ್ಮ ದೇಶದವರಿಗೆ ಈ ವಿದ್ಯೆ ಹೊಸತೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 1986ರಲ್ಲಿಯೇ ನಾಲ್ಕು ಪ್ರೊಸೆಸರುಗಳನ್ನು ಜೋಡಿಸಿ ಫ್ಲೊಸಾಲ್ವರ್ ಎಂಬ ಯಂತ್ರವನ್ನು ಕಟ್ಟಿದ್ದರು. ಪುಣೆಯ ಸಿ-ಡ್ಯಾಕ್ ಸಂಸ್ಥೆ ವಿಜಯ ಭಟ್ಕರರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಯಂತ್ರವನ್ನು ಹೊರತಂದದ್ದು ಪುಣೆಯ ನಮ್ಮ ವಾಚಕರಿಗೆ ನೆನಪಿರಬಹುದು. ಹವೆ, ವಿಮಾನಗಳ ಲೆಕ್ಕಕ್ಕೆಂದು ಅಂದು ದೊಡ್ಡವರು ಮಾಡಿದ ಸರ್ಕಸ್ಸು ಇಂದು ನಮ್ಮ ಮೇಜಿನ ಮೇಲೆ ಬಂದು ಕುಳಿತಿದೆ.

ಇನ್ನು ನಮ್ಮ ಕತೆಗೆ ಬರೋಣ. ಸಾಫ್ಟ್‌ವೇರನ್ನು ತಿದ್ದುವುದು ನಮ್ಮಿಂದಾಗದು. ಆದರೆ ಒಬ್ಬ ಅಡಿಗೆಯವನಿಗೆಂದು ಬರೆದ ಸಾಫ್ಟ್‌ವೇರನ್ನೇ ಎಂಟು ಸಲ ತೆರೆದರೆ? ಎಂಟು ಪ್ರತಿಗಳು, ಒಂದೊಂದಕ್ಕೂ ಒಂದೊಂದು ಕಟ್ಟು ಪುಟ. ಹುಡುಗ ಹತ್ತು ಸಾಲಿನ ಒಂದು ಆಜ್ಞಾಪಟ್ಟಿಯನ್ನು ಬರೆದ. ಮೊದಲ ಸಂಜೆ ನಾಲ್ಕು ಪ್ರತಿಗಳನ್ನು ಹಚ್ಚಿದೆವು. ನಾಲ್ಕು ಚೌಕಗಳಲ್ಲಿ ಗೆರೆ ಏರಿತು. ನಾವು ಚಪ್ಪಾಳೆ ತಟ್ಟಿದೆವು. ಒಂಬತ್ತು ಗಂಟೆಗೆ ಫಲಿತಾಂಶವನ್ನು ತೆರೆದು ನೋಡಿದರೆ, ಒಂದು ಭಾವಗೀತೆಯ ಎರಡನೆಯ ಸಾಲಿನ ಕೆಳಗೆ ಹೊಟೇಲಿನ ಜಾಹೀರಾತು, ಅದರ ಬೆನ್ನಿಗೆ ವಾರ್ಷಿಕ ಮಹಾಸಭೆಯ ವರದಿ, ಮತ್ತೆ ಭಾವಗೀತೆ! ನಾಲ್ಕೂ ಪ್ರತಿಗಳು ಒಂದೇ ಕಡತಕ್ಕೆ ಬರೆಯುತ್ತಿದ್ದುವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಚಂದಾ ಪುಸ್ತಕದ ಪಾಠ ಹೇಳಿಕೊಟ್ಟವನೇ ಅದರಲ್ಲಿ ಎಡವಿದ್ದ. ಹುಡುಗ ತಲೆ ತುರಿಸಿಕೊಂಡು, ಪ್ರತಿಯೊಂದಕ್ಕೂ ಬೇರೆ ಕಡತ ಮಾಡಿಕೊಟ್ಟ.

ಮರುದಿನ ಎಂಟನ್ನೂ ಹಚ್ಚಿದೆವು. ಐದು ನಿಮಿಷದಲ್ಲಿ ಯಂತ್ರ ನರಳತೊಡಗಿತು. ಮೌಸನ್ನು ಸರಿಸಿದರೆ ಬಾಣ ಆಮೆಯಂತೆ ತೆವಳುತ್ತದೆ. ಒಂದು ಪುಟಕ್ಕೆ ನಾಲ್ಕು ನಿಮಿಷ! ಕೋರುಗಳನ್ನು ಎಣಿಸಿ ಯಂತ್ರ ಕೊಂಡ ನಾವು ಅದರ ಮೆಮೊರಿ ಎಷ್ಟೆಂದು ಕೇಳಿಯೇ ಇರಲಿಲ್ಲ. ಇದ್ದುದು 8 ಜಿ.ಬಿ. ಒಂದೊಂದು ಪ್ರತಿಯೂ ಒಂದು ಜಿ.ಬಿ.ಗಿಂತ ಹೆಚ್ಚು ಬೇಡುತ್ತಿತ್ತು. ಸಾಲದೆ ಹೋದದ್ದನ್ನು ಯಂತ್ರ ಡಿಸ್ಕಿಗೆ ಹಾಕುತ್ತ ತೆಗೆಯುತ್ತ ಸುಸ್ತಾಗುತ್ತಿತ್ತು. ಅಡಿಗೆಯವರು ಎಂಟು, ನಿಲ್ಲಲು ಜಾಗ ನಾಲ್ವರಿಗೆ. ಕಂಪ್ಯೂಟರು ಕೊಳ್ಳುವ ವಾಚಕರು ಈ ಒಂದು ಮಾತನ್ನು ಗಂಟು ಹಾಕಿಕೊಳ್ಳಬೇಕು. ಕಾಗದ ಬರೆಯಲು, ಸಿನೆಮಾ ನೋಡಲು, ಮಕ್ಕಳ ಪಾಠಕ್ಕೆ ನಾಲ್ಕು ಕೋರು ಧಾರಾಳವಾಯಿತು. ಉಳಿದ ಹಣವನ್ನು ಮೆಮೊರಿಗೂ ವೇಗದ ಎಸ್.ಎಸ್.ಡಿ. ಡಿಸ್ಕಿಗೂ ಹಾಕುವುದು ಜಾಣತನ. ಮದುವೆಯ ವಿಡಿಯೋ ಜೋಡಿಸುವವರಿಗೆ, ಸಾವಿರಾರು ಚಿತ್ರ ತಿದ್ದುವವರಿಗೆ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಹೆಚ್ಚು ಕೋರುಗಳಿಂದ ನಿಜವಾಗಿ ಲಾಭವುಂಟು. ಈಗಿನ ಕೆಲವು ಚಿಪ್ಪುಗಳಲ್ಲಿ ದೊಡ್ಡ ಕೋರು, ಚಿಕ್ಕ ಕೋರು ಎಂದು ಎರಡು ಜಾತಿ. ಪೆಟ್ಟಿಗೆಯ ಮೇಲಿನ ಸಂಖ್ಯೆ ಎರಡನ್ನೂ ಕೂಡಿಸಿದ್ದು.

ಇನ್ನೊಂದು 8 ಜಿ.ಬಿ. ಮೆಮೊರಿಯ ಪಟ್ಟಿಗೆ ಖಜಾಂಚಿಗಳ ಸಹಿ ಬೇಕಾಯಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇದು ಸಂಘದ ಲೆಕ್ಕಕ್ಕ ಬ್ಯಾಡ, ನನ್ನ ಲೆಕ್ಕಕ್ಕ ಹಚ್ರಿ. ಅಕ್ಕನ ಕೈಲೆ ಉಂಡ ಊಟದ ಋಣಾ ಭಾಳ ಐತಿ” ಎಂದು ತಮ್ಮ ಕಿಸೆಯಿಂದಲೇ ಕೊಟ್ಟರು.

ಕಟ್ಟಡದ ಅಧ್ಯಕ್ಷರನ್ನು ಒಪ್ಪಿಸಿ ಒಂದು ರವಿವಾರ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕಚೇರಿ ತೆರೆಸಿದೆವು. ಯಂತ್ರದ ಸ್ವಂತ ಕೆಲಸಕ್ಕೆ ಒಂದು ಕೋರನ್ನು ಬಿಟ್ಟು ಏಳು ಪ್ರತಿಗಳನ್ನು ಹಚ್ಚಿದೆವು. ಎಲ್ಲ ಕೋರುಗಳೂ ದುಡಿಯುವಾಗ ಬಿಸಿ ಮಿತಿಯೊಳಗಿರಲೆಂದು ಚಿಪ್ಪು ತಾನಾಗಿ ವೇಗವನ್ನು ತುಸು ಇಳಿಸಿಕೊಳ್ಳುತ್ತದಂತೆ. ಒಂದು ಪುಟಕ್ಕೆ 30ರ ಬದಲು 36 ಸೆಕೆಂಡು ಹಿಡಿಯಿತು, ಹಳೆಯ ಯಂತ್ರದಷ್ಟೇ! ಆದರೆ ಏಳು ಪುಟಗಳು ಒಟ್ಟಿಗೆ. ರಾತ್ರಿ ಎಂಟಕ್ಕೆ 8,400ನೆಯ ಪುಟ ಮುಗಿದಾಗ ಕಾವಲುಗಾರ ಬಾಗಿಲಲ್ಲಿ ನಿಂತಿದ್ದ. 70 ಗಂಟೆಯ ಕೆಲಸ 12 ಗಂಟೆಯಲ್ಲಿ. ಎಲ್ಲವನ್ನೂ ಒಂದು ಸೂಚಿಯಾಗಿ ಜೋಡಿಸುವ ಕೆಲಸ ಮರುದಿನಕ್ಕೆ ಉಳಿಯಿತು. ಅದು ಹಂಚಲು ಬಾರದ್ದು. ಒಂದೇ ಕೋರು 40 ನಿಮಿಷ ದುಡಿಯಿತು, ಏಳು ನೋಡುತ್ತಿದ್ದುವು. ಆಮ್ಡಾಲರಿಗೆ ನಮಸ್ಕಾರ ಎಂದ ಹುಡುಗ.

ಅನಂತರ ಅಕ್ಕ ಹೇಳಿದ ಮಾತನ್ನು ಕೊಟ್ಟು ಹುಡುಕಿಸಿದೆವು: ‘ಕೊಡಪಾನ’. ಒಂದೂ ಇಲ್ಲ. ಯಂತ್ರ ತಪ್ಪಾಗಿ ಓದಿರಬಹುದೆಂದು ‘ಕೊಡವಾನ’ ಎಂದೂ ಹುಡುಕಿದೆವು. ಇಲ್ಲ. ‘ನಲ್ಲಿ’ ಎಂದು ಹುಡುಕಿದೆವು. ಪರದೆ ತುಂಬಿ ತುಳುಕಿತು! ಮನೆಯವನಲ್ಲಿ, ಊರಿನಲ್ಲಿ ಎಂಬಂಥ ಎಲ್ಲ ‘ನಲ್ಲಿ’ಗಳೂ ಬಂದು ಸಾಲುಗಟ್ಟಿದುವು. ಸಪ್ತಮೀ ವಿಭಕ್ತಿಯಲ್ಲಿ ಮುಳುಗಿದ ನಲ್ಲಿಯನ್ನು ಎಂಟು ಕೋರುಗಳಲ್ಲ, ಎಂಟುನೂರು ಬಂದರೂ ಮೇಲೆತ್ತಲಾರವು. ಕೊನೆಗೆ ಕಾರ್ಯದರ್ಶಿಗಳ ಮನೆಯವರು, ಫರಾಳ ತಂದವರು, ಹಿಂದೆ ನಿಂತು ನೋಡಿ, “ಚಾಳಿನ ಹೆಂಗಸರ ಜಗಳವೆಂದರೆ ಅದರಲ್ಲಿ ‘ಸರದಿ’ ಎಂಬ ಮಾತು ಬರದೆ ಇರುತ್ತದೆಯೆ? ‘ನಲ್ಲಿಯ ಸರದಿ’ ಎಂದು ನೋಡಿ” ಎಂದರು. ನೋಡಿದೆವು. ಒಂದೇ ಒಂದು ಪುಟ ಬಂತು. 1964ರ ಎರಡನೆಯ ಸಂಚಿಕೆ, ಕೊನೆಯಿಂದ ಮೂರನೆಯ ಪುಟ, ಅಡಿಯಲ್ಲಿ ‘ಓರ್ವ ಗೃಹಿಣಿ’.

ಅಕ್ಕನಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆವು. ಒಂದು ಪುಟದ ಲೇಖನ. ನಡುವೆ ಎರಡು ಸಲ ನಮಗೇ ನಗು ಬಂದು ನಿಲ್ಲಿಸಬೇಕಾಯಿತು. ಅವರು ಒಂದು ಮಾತನ್ನೂ ಆಡದೆ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, “ಬಿಂದಿಗೆ ಅಂತ ಓದಿದಿರಲ್ಲ?” ಎಂದು ಕೇಳಿದರು.

“ಹೌದಕ್ಕಾ, ನಾಲ್ಕು ಕಡೆ ಬಿಂದಿಗೆ ಎಂದೇ ಇದೆ.”

“ನಾನು ಬರೆದದ್ದು ಕೊಡಪಾನ. ನಮ್ಮ ಊರಿನ ಮಾತು ಯಾರಿಗೂ ಅರ್ಥವಾಗುವುದಿಲ್ಲ ಅಂತ ಆಗಿನ ಸಂಪಾದಕರು ತಿದ್ದಿದ್ದು. ಅವತ್ತೇ ಹೇಳಬೇಕು ಅಂತಿದ್ದೆ, ಹೇಳುವುದು ಹೇಗೆ? ಹೆಸರೇ ಹಾಕಿರಲಿಲ್ಲವಲ್ಲ.”

ಲೇಖನವನ್ನು ಮುಂದಿನ ಪುಟದಲ್ಲಿ ಪುನಃ ಅಚ್ಚು ಮಾಡಿದ್ದೇವೆ. ಈ ಸಲ ಅವರ ಹೆಸರಿನೊಡನೆ, ನಾಲ್ಕು ಕಡೆಯೂ ‘ಕೊಡಪಾನ’ ಎಂದೇ.